ಸಕಾರವಿಲ್ಲದ ಮನೆ

ನಮ್ಮ ಮನೆಯಲ್ಲಿ ಹಗಲು ಹೊತ್ತು ಸ, ಶ, ಷ ಈ ಮೂರು ಅಕ್ಷರಗಳನ್ನು ಬಾಯಿಂದ ಆಚೆ ಬಿಡುವಂತಿರಲಿಲ್ಲ. ಮಡಿ, ಹರಕೆ, ಶಾಪ ಯಾವುದೂ ಅಲ್ಲ. ಅಪ್ಪ ಮಲಗಿರುತ್ತಿದ್ದ, ಅಷ್ಟೆ. ಯಶವಂತಪುರದಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಬೀದಿ ನಮ್ಮದು. ಕೆಳಗಿನ ಬಾಡಿಗೆ ಮನೆಯಲ್ಲಿ ನಾವು: ಒಂದು ಹಾಲು, ಒಂದು ಅಡುಗೆಮನೆ, ಹೊರಗೆ ಮೆಟ್ಟಿಲ ಅಡಿ ಬಚ್ಚಲು. ಮೇಲೆ ಓನರ್ ಜಯಮ್ಮ ಆಂಟಿ. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಮಷಿನ್ನುಗಳು ಓಡುವುದು ಪೈಪಿನಲ್ಲಿ ಬರುವ ಗಾಳಿಯ ಒತ್ತಡದಿಂದ. ಎಲ್ಲಾದರೂ ಜಾಯಿಂಟು ಸಡಿಲಾದರೆ ಗಾಳಿ 'ಸ್ಸ್' ಎಂದು ಸೋರುತ್ತದೆ. ಆ 'ಸ್ಸ್' ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಮುಚ್ಚುವುದು ಅಪ್ಪನ ಕೆಲಸ. ನೈಟ್ ಶಿಫ್ಟನ್ನು ಅವನೇ ಕೇಳಿ ಹಾಕಿಸಿಕೊಂಡಿದ್ದ. 'ರಾತ್ರಿ ಸಾಹೇಬ್ರು ಇರಂಗಿಲ್ಲ, ಬರೇ ಮಷಿನ್ ಇರ್ತಾವು' ಎನ್ನುವುದು ಅವನು ಕೊಡುತ್ತಿದ್ದ ಕಾರಣ. ಬೆಳಿಗ್ಗೆ ಬಂದು ರೊಟ್ಟಿ ತಿಂದು, ಹಾಲಿನ ಮಂಚದ ಮೇಲೆ ಕಣ್ಣಿಗೆ ಟವೆಲ್ ಹಾಕಿಕೊಂಡು ಅಡ್ಡಾದನೆಂದರೆ ಸಂಜೆಯವರೆಗೆ ಅವನನ್ನು ರೈಲು ಎಬ್ಬಿಸುತ್ತಿರಲಿಲ್ಲ, ಅವ್ವ ರೊಟ್ಟಿ ಬಡಿಯುವ ಸದ್ದು ಎಬ್ಬಿಸುತ್ತಿರಲಿಲ್ಲ, ಮೇಲೆ ಜಯಮ್ಮ ಆಂಟಿಯ ಗ್ರೈಂಡರ್ ಗುಡುಗಿದರೂ ಮಗ್ಗುಲು ಬದಲಾಯಿಸುತ್ತಿರಲಿಲ್ಲ. 'ಸ್ಸ್' ಒಂದು ಮಾತ್ರ ಎಬ್ಬಿಸುತ್ತಿತ್ತು.

ಇದನ್ನು ಪತ್ತೆ ಹಚ್ಚಿದವಳು ಅಕ್ಕ. ಅವಳ ಹೆಸರು ಗಿರಿಜಾ, ನನಗಿಂತ ಎಂಟು ವರ್ಷ ದೊಡ್ಡವಳು. ರಜೆಯ ದಿನ ಟಿವಿಯಲ್ಲಿ ಕ್ರಿಕೆಟ್ ಬಂದರೆ ಸೌಂಡ್ ಪೂರ್ತಿ ಬಂದ್ ಮಾಡಿ ನೋಡಬೇಕೆನ್ನುವ ಷರತ್ತು ಮೊದಲಿನಿಂದಲೂ ಇತ್ತು. ಮೂಕ ಟಿವಿ ನೋಡಿ ನನಗೆ ಬೇಜಾರಾಗಿ ರಗಳೆ ತೆಗೆಯುತ್ತಿದ್ದೆನಂತೆ. ನನ್ನ ಬಾಯಿ ಮುಚ್ಚಿಸಲೆಂದು ಅಕ್ಕ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿವಿಯ ಹತ್ತಿರ ಪಿಸುಗುಟ್ಟುತ್ತ ಆಟವನ್ನು ಹೇಳತೊಡಗಿದಳು. ಅವಳು ಮುಂದೆ ಮಾಡಿದ್ದಕ್ಕೆಲ್ಲ ಮೂಲ ನನ್ನ ರಗಳೆಯೇ ಎಂದು ನಾನು ಈಗಲೂ ಪಾಲು ಕೇಳುತ್ತಿರುತ್ತೇನೆ. ಕೊಟ್ಟಿಲ್ಲ. ಒಂದು ಮಧ್ಯಾಹ್ನ ಯಾರೋ ಚೆಂಡನ್ನು ಎತ್ತಿ ಹೊಡೆದ. ಅಕ್ಕ ಮೈಮರೆತು, ಪಿಸುದನಿಯಲ್ಲೇ, 'ಸಿಕ್ಸ್ಸ್' ಎಂದಳು. ಅಪ್ಪ ಧಡಕ್ಕನೆ ಎದ್ದು ಕೂತ. ಟವೆಲ್ ಇನ್ನೂ ಕಣ್ಣಿನ ಮೇಲೇ ಇತ್ತು.

"ಎಲ್ಲೈತಿ ಲೀಕು?"

ನಾವು ಉಸಿರು ಬಿಡಲಿಲ್ಲ. ಅಪ್ಪ ಹಾಗೇ ಗೋಡೆ ತಡವಿಕೊಂಡು ಅಡುಗೆಮನೆಗೆ ಹೋಗಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ತಿರುಗಿಸಿ ಬಂದ್ ಮಾಡಿ, ವಾಪಸ್ಸು ಬಂದು ಮಲಗಿ ಗೊರಕೆ ಶುರು ಮಾಡಿದ. ಅವ್ವ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಳು. ಒಳಗೆ ಬಂದಾಗ ಒಲೆ ಆರಿತ್ತು, ಅನ್ನ ಅರೆಬೆಂದಿತ್ತು, ನಾವಿಬ್ಬರೂ ದೇವರ ಫೋಟೋದ ಹಾಗೆ ಕೂತಿದ್ದೆವು. ಅಕ್ಕ ನಡೆದದ್ದನ್ನು ಅವಳ ಕಿವಿಯಲ್ಲಿ ಹೇಳಿದಳು. ಅವ್ವ ಬಯ್ಯಲಿಲ್ಲ. ರೈಲು ಬರುವ ತನಕ ಕಾದಳು. ಹಳಿ ಅದುರತೊಡಗಿದ ಮೇಲೆ ಬಾಯಿ ತೆರೆದಳು.

"ಇನ್ಮ್ಯಾಲ ಅಪ್ಪ ಮಲಗಿದ್ದಾಗ ಆ ಅಕ್ಷರ ಬಾಯಾಗ ಬಂತಂದ್ರ ನಾಲಿಗಿ ಕಿತ್ತು ಕೈಯಾಗ ಕೊಡ್ತೀನಿ!"

'ಅಕ್ಷರ' ಎಂಬ ಮಾತಿನಲ್ಲೇ ಒಂದು ಷ ಅಡಗಿ ಕೂತಿದೆ. ರೈಲು ಹೋಗುತ್ತಿತ್ತಾದ್ದರಿಂದ ನಡೆಯಿತು.

ಅಲ್ಲಿಂದ ಮನೆಯ ಸಂವಿಧಾನ ಬದಲಾಯಿತು. ಬೇರೆ ಮನೆಗಳಲ್ಲಿ ತಾಯಂದಿರು 'ಶ್' ಎಂದು ಮಕ್ಕಳನ್ನು ಸುಮ್ಮನಿರಿಸುತ್ತಾರೆ. ನಮ್ಮವ್ವ ಅದಕ್ಕೂ ದಾರಿಯಿಲ್ಲದೆ ಚಿವುಟುತ್ತಿದ್ದಳು. ಕುಕ್ಕರ್ ಅಟ್ಟ ಸೇರಿತು, ಬೇಳೆ ಪಾತ್ರೆಯಲ್ಲಿ ಬೇಯತೊಡಗಿತು. ಒಗ್ಗರಣೆ ಹಾಕುವುದಕ್ಕೆ ರೈಲು ಬರಬೇಕು. ಎಣ್ಣೆ ಕಾದಿರುತ್ತಿತ್ತು, ಸಾಸಿವೆ ಅಂಗೈಯಲ್ಲಿ ಇರುತ್ತಿತ್ತು, ಅವ್ವ ಸಿಗ್ನಲ್ ಕಾಯುವ ಡ್ರೈವರನ ಹಾಗೆ ಕಿಟಕಿ ನೋಡುತ್ತ ನಿಂತಿರುತ್ತಿದ್ದಳು. ಬೈಗುಳವೂ ರೈಲಿಗೇ ಮೀಸಲು. ನಾನು ತಪ್ಪು ಮಾಡಿದರೆ ಹತ್ತಿರ ಬಂದು, ನಗುಮುಖದಲ್ಲೇ ಪಿಸುಗುಟ್ಟುತ್ತಿದ್ದಳು.

"ಗಾಡಿ ಬರ್ಲಿ. ಐತಿ ನಿನಗ."

ಪ್ಯಾಸೆಂಜರ್ ಗಾಡಿ ಬಂದರೆ ನನ್ನ ಪುಣ್ಯ, ಬೇಗ ಮುಗಿಯುತ್ತಿತ್ತು. ಗೂಡ್ಸ್ ಬಂದರೆ ನಮ್ಮ ವಂಶದ ಹಿಂದಿನ ಮೂರು ತಲೆಮಾರಿನ ಗಂಡಸರೆಲ್ಲ ನನ್ನೊಂದಿಗೆ ಬೈಸಿಕೊಳ್ಳುತ್ತಿದ್ದರು. ಊಟದಲ್ಲೂ ಕಷ್ಟ. ಮೊಸರು 'ಬಿಳೇದು' ಆಯಿತು, ಸಾರು 'ತಿಳೇದು' ಆಯಿತು, ಶೇಂಗಾ ಚಟ್ನಿ ಬರೀ 'ಪುಡಿ' ಆಯಿತು. ಸಕ್ಕರೆ ಬೇಕಾದರೆ 'ಬೆಲ್ಲ' ಅನ್ನಬೇಕು. ಬೆಲ್ಲವೇ ಬೇಕಾದಾಗ ಏನನ್ನಬೇಕೆಂದು ಯಾರಿಗೂ ಹೊಳೆಯದೆ ಬೆಲ್ಲ ತಿನ್ನುವುದನ್ನೇ ಬಿಟ್ಟೆವು. ಎಲ್ಲಕ್ಕಿಂತ ದೊಡ್ಡ ನಷ್ಟ ನನಗೆ. ನನ್ನ ಹೆಸರು ಸಂತೋಷ. ಮುಂದೊಂದು, ಹಿಂದೊಂದು. ಅಪ್ಪ ಅವ್ವ ಹುಡುಕಿ ಇಟ್ಟ ಹೆಸರು ಒಂದೇ ದಿನದಲ್ಲಿ ರದ್ದಾಗಿ ನಾನು 'ಮಂಗ್ಯಾ' ಆದೆ. ಎಲ್ಲರ ಮಾತು, ನಡಿಗೆ, ಕೆಮ್ಮು ಅಣಕಿಸುತ್ತಿದ್ದ ನನಗೆ ಆ ಹೆಸರು ಸರಿಯಾಗಿಯೇ ಕೂತಿತು ಎಂದು ಬೀದಿಯವರ ಅಭಿಪ್ರಾಯ.

ಅಕ್ಕ ಮಾತ್ರ ಸೋಲಲಿಲ್ಲ. ಸಕಾರ ಇಲ್ಲದೆ ಕ್ರಿಕೆಟ್ ಹೇಳುವುದು ಉಪ್ಪಿಲ್ಲದೆ ಉಪ್ಪಿನಕಾಯಿ ಹಾಕಿದ ಹಾಗೆ. ಆಟದ ಅರ್ಧ ಮಾತುಗಳಲ್ಲಿ ಅದೇ ತುಂಬಿದೆ. ಅವಳು ಒಂದೊಂದಕ್ಕೂ ಬೇರೆ ಮಾತು ಕಟ್ಟಿದಳು. ಸ್ಟಂಪು 'ಗೂಟ'. ಫಾಸ್ಟ್ ಬೌಲರ್ 'ಬಿರುಗಾಳಿ', ಸ್ಪಿನ್ನರ್ 'ತಿರುಪಿನವ'. ಸ್ಲಿಪ್ ಅಂದರೆ 'ಕೀಪರ್ ಪಕ್ಕದ ಮನೆ'. ಸೊನ್ನೆಗೆ ಔಟಾದವನು 'ಬಂದ ದಾರೀಲೇ ಹೋದ'. ಸ್ವೀಪ್ ಹೊಡೆತಕ್ಕೆ 'ಗುಡಿಸಿದ' ಅನ್ನೋಣವೆಂದರೆ ಅದರಲ್ಲೂ ಸ, ಹಾಗಾಗಿ 'ಬಳಿದ'. ಹೆಸರಿನಲ್ಲಿ ಸಕಾರ ಇದ್ದ ಆಟಗಾರರಿಗೆ ಅಡ್ಡಹೆಸರು. ದಪ್ಪ ಮೀಸೆಯ ಒಬ್ಬ ಇದ್ದ. ಅವನ ಹೆಸರಲ್ಲೂ ಸ, ಮೀಸೆಯಲ್ಲೂ ಸ. ಬಾದಾಮಿ ಕಡೆಯ ನಮ್ಮ ಸೋದರಮಾವನಿಗೂ ಅಂಥದ್ದೇ ಮೀಸೆ ಇದ್ದದ್ದರಿಂದ ಅವನು 'ನಮ್ಮ ಮಾವ' ಆದ. ಸಿಕ್ಸರ್ 'ಆರು'. ಅಷ್ಟೆ, ಬರೀ ಆರು. ಹೀಗೆ ನನ್ನ ಕಿವಿಯಲ್ಲಿ ಬೀಳುತ್ತಿದ್ದ ಆಟ ಇದು:

"ಬಿರುಗಾಳಿ ಓಡಿ ಬಂದ… ಬಿಟ್ಟ… ನಮ್ಮ ಮಾವ ಕಾಲು ಮುಂದಿಟ್ಟ, ಎತ್ತಿ ಬಿಟ್ಟ ನೋಡು… ಹೋಯ್ತು… ಹೋಯ್ತು… ಗೆರೆ ದಾಟ್ತು. ಆರು!"

ಆ 'ಆರು' ಹೇಳುವಾಗ ಅವಳ ದನಿ ಏರುತ್ತಿರಲಿಲ್ಲ, ಇನ್ನೂ ಇಳಿಯುತ್ತಿತ್ತು. ಆಗ ಮೈದಾನದ ಜನವಾಗುವ ಕೆಲಸ ನನ್ನದು. ಗಂಟಲಿನ ಬುಡದಿಂದ 'ಹೋ' ಎಂದು ಗಾಳಿ ಬಿಡುತ್ತಿದ್ದೆ. ನಾನು ಮುಂದೆ ಎಷ್ಟೋ ಜನರ ದನಿ ಮಾಡಿ ಹೊಟ್ಟೆ ಹೊರೆದುಕೊಂಡಿದ್ದೇನೆ. ಆದರೆ ಇಡೀ ಸ್ಟೇಡಿಯಮ್ಮನ್ನು ಪಿಸುದನಿಯಲ್ಲಿ ಮಾಡಿದ್ದು ಆಗಲೇ ಕೊನೆ.

ಅಕ್ಕ ಕಾಲೇಜಿಗೆ ಹೋದಳು. ಅಲ್ಲಿ ಕ್ರೀಡಾಕೂಟದ ದಿನ ಮೈಕ್ ಹಿಡಿಯಬೇಕಿದ್ದ ಹುಡುಗ ನಾಪತ್ತೆಯಾಗಿ, ಯಾರೋ ಇವಳ ಕೈಗೆ ಕೊಟ್ಟರು. ಬಾಯಿ ತೆರೆದರೆ ಮನೆಯ ಮಾತೇ ಬಂತು: ಗೂಟ, ಬಿರುಗಾಳಿ, ಆರು. ಅಲ್ಲಿ ಯಾರೂ ಮಲಗಿರಲಿಲ್ಲ, ಆದರೂ ಚೆಂಡು ಗಾಳಿಯಲ್ಲಿದ್ದಾಗ ಅವಳ ನಾಲಿಗೆಗೆ ಬೇರೆ ಮಾತು ಗೊತ್ತಿರಲಿಲ್ಲ. ಬಹುಮಾನ ಕೊಡುವ ಹೊತ್ತಿಗೆ ಅವರ ಕನ್ನಡ ಮೇಷ್ಟ್ರು ಎದ್ದು ನಿಂತು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ.

"ಈ ಹೆಣ್ಣುಮಗಳು ಒಂದು ಸಲವೂ ಸಿಕ್ಸರ್ ಎನ್ನಲಿಲ್ಲ. ಆರು ಎಂದಳು! ಸ್ಟಂಪು ಎನ್ನಲಿಲ್ಲ. ಗೂಟ ಎಂದಳು! ಕನ್ನಡಕ್ಕೆ ಇನ್ನೂ ಉಳಿಗಾಲವಿದೆ!"

ಅಕ್ಕ ಶಾಲು ಹೊದಿಸಿಕೊಂಡು ಬಂದಳು. ಕನ್ನಡ ಉಳಿದದ್ದು ಅಪ್ಪನ ನಿದ್ದೆಯಿಂದ ಎಂದು ಮೇಷ್ಟ್ರಿಗೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. 'ಅಷ್ಟು ಚೆನ್ನಾಗಿ ಅಳ್ತಿದ್ರು ಕಣೋ, ಹೇಗೆ ನಿಲ್ಲಿಸ್ಲಿ' ಅಂದಳು. ನಾನು ಒಂದು ವಾರ ಆ ಮೇಷ್ಟ್ರನ್ನು ಮಾಡಿ ತೋರಿಸಿ ಬೀದಿಯವರ ತಲೆ ತಿಂದೆ.

ಆ ಮೈಕಿನಿಂದ ಒಂದು ಲೋಕಲ್ ಕೇಬಲ್ ಚಾನೆಲ್ಲು, ಅಲ್ಲಿಂದ ಒಂದು ಕ್ರೀಡಾ ಚಾನೆಲ್ಲಿನ ಕನ್ನಡ ವಿಭಾಗ. ಅಲ್ಲಿ ಎರಡು ಜಾತಿಯ ಜನ ಎಂದು ಅಕ್ಕ ಹೇಳುತ್ತಿದ್ದಳು: ಮೇಲಿನವರು, ಕೆಳಗಿನವರು. ಮೇಲಿನವರು ಗಾಜಿನ ಬಾಕ್ಸಿನಲ್ಲಿ ಕೂತು ಕಾಮೆಂಟರಿ ಹೇಳುತ್ತಾರೆ. ಕೆಳಗಿನವರು ಬೌಂಡರಿ ಗೆರೆಯ ಪಕ್ಕ ಮೈಕ್ ಹಿಡಿದು ನಿಂತು, ಆಟಗಾರರನ್ನು ತಡೆದು, 'ಹೇಗನ್ನಿಸ್ತಿದೆ' ಎಂದು ಕೇಳುತ್ತಾರೆ. ಮೇಲಿದ್ದವರೆಲ್ಲ ಗಂಡಸರು, ಕೆಳಗಿದ್ದವರೆಲ್ಲ ಹುಡುಗಿಯರು. ಹಾಗಂತ ಯಾರೂ ಬರೆದಿಟ್ಟಿರಲಿಲ್ಲ, ಹಾಗೇ ಇತ್ತು. ಕೆಳಗಿದ್ದವಳಿಗೆ ಆಟ ನಿಂತಾಗ ಮಾತ್ರ ಮಾತು. ಚೆಂಡು ಗಾಳಿಯಲ್ಲಿರುವ ಹೊತ್ತು ಮೇಲಿನವರದ್ದು. ಬೀದಿಯವರಿಗೆ ಟಿವಿಯಲ್ಲಿ ಗಿರಿಜಾ ಕಂಡರೆ ಸಾಕಿತ್ತು. ಅವ್ವನಿಗೆ ಸಾಕಾಗುತ್ತಿರಲಿಲ್ಲ. ಒಂದು ಭಾನುವಾರ, ಅಪ್ಪ ಸಂತೆಗೆ ಹೋಗಿದ್ದಾಗ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತು ಅವ್ವ ಅಕ್ಕ ಇಬ್ಬರೂ ಜಗಳವಾಡಿದರು. ಮನೆಯಲ್ಲಿ ಮಲಗಿದವರಿಲ್ಲ, ಹಾಗಾಗಿ ಧಾರಾಳವಾಗಿ ಆಡಿದರು.

"ಬರೇ ನಕ್ಕೋತ ನಿಂದರ್ತಿ. ಅದೊಂದು ಕೆಲಸೇನ?"

"ಪ್ರಶ್ನೆ ಕೇಳ್ತೀನಲ್ಲವ್ವಾ."

"ಆಟ ನಿಂತ ಮ್ಯಾಲ ಕೇಳ್ತಿ. ಆಟ ನಡಿಯೂವಾಗ ಎಲ್ಲಿರ್ತಿ? ಸಣ್ಣಾಕಿದ್ದಾಗ ಈ ಮಂಗ್ಯಾನ ಕಿವ್ಯಾಗ ಇಡೀ ಆಟ ಹೇಳ್ತಿದ್ದಿ. ಅದೆಲ್ಲಿ ಹೋತು?"

"ಮೇಲೆ ಕೂರಿಸಿದ್ರೆ ತಾನೇ ಹೇಳೋದು!" ಎಂದು ಅಕ್ಕ ಮೊರವನ್ನೇ ತಳ್ಳಿ ಎದ್ದುಹೋದಳು. ಅವ್ವನ ಜೊತೆ ಯಾವಾಗಲೂ ಬಾದಾಮಿ ಮಾತಾಡುವ ಅವಳಿಗೆ ಸಿಟ್ಟು ಬಂದಾಗ ಮಾತ್ರ ಯಶವಂತಪುರ ಬರುತ್ತಿತ್ತು. ಆಮೇಲೆ ಬಹಳ ಹೊತ್ತು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಕಣ್ಣು ಕೆಂಪಗಾಗಿದ್ದಕ್ಕೆ ಮೆಣಸಿನಕಾಯಿ ಕಾರಣ ಎಂದಳು. ಮೆಣಸಿನಕಾಯಿ ಬ್ಯಾಡಗಿಯದು, ಖಾರವೇ ಇರಲಿಲ್ಲ.

ಮೇಲೆ ಕೂರಿಸುವ ದಿನ ಬಂದದ್ದು ಒಬ್ಬ ಕಾಮೆಂಟೇಟರ್‌ಗೆ ಗಂಟಲು ಕಟ್ಟಿದ್ದರಿಂದ. ಊರಿನಲ್ಲೇ ನಡೆಯುತ್ತಿದ್ದ ಒಂದು ಲೀಗ್ ಪಂದ್ಯಾವಳಿ, ಮಧ್ಯಾಹ್ನದ ಆಟ. ಪ್ರೊಡ್ಯೂಸರ್ ಫೋನ್ ಮಾಡಿದಾಗ ಅಕ್ಕ ಮೆಟ್ಟಿಲ ಮೇಲೆ ಕೂತು ಸ್ಪೀಕರ್ ಹಾಕಿದಳು. ಪಕ್ಕದಲ್ಲಿ ನಾನೂ ಕಿವಿಕೊಟ್ಟೆ.

"ನೋಡಿ ಗಿರಿಜಾ, ಗುರುವಾರದ ಮ್ಯಾಚಿಗೆ ನೀವು ಮೇಲೆ ಕೂತ್ಕೊಳ್ಳಿ. ಒಂದೇ ಕಂಡೀಶನ್ನು. ಸ್ಪಾನ್ಸರ್ ಟ್ಯಾಗ್ ಮಿಸ್ ಆಗ್ಬಾರ್ದು. ಪ್ರತಿ ಸಿಕ್ಸ್‌ಗೂ ಬರ್ಬೇಕು. ಬಂದ್ರೆ ಮುಂದಿಂದು ನೋಡೋಣ. ಇಲ್ಲಾಂದ್ರೆ ಮತ್ತೆ ಕೆಳಗೇ, ಆಮೇಲೆ ನನ್ನ ಕೇಳ್ಬೇಡಿ."

ಸ್ಪಾನ್ಸರ್ ಒಂದು ಕಬ್ಬಿಣದ ಕಂಪನಿ. ಸಿಕ್ಸರ್ ಹೊಡೆದಾಗೆಲ್ಲ ಬರೀ ಸಿಕ್ಸರ್ ಅನ್ನುವಂತಿಲ್ಲ; 'ಸೂಪರ್ ಸ್ಟ್ರಾಂಗ್ ಸ್ಟೀಲ್ ಸಿಕ್ಸರ್' ಅನ್ನಬೇಕು. ನಾಲ್ಕು ಮಾತು, ನಾಲ್ಕೂ ಸಕಾರದಿಂದ ಶುರು. ಫೋನ್ ಇಟ್ಟ ಮೇಲೆ ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನನಗೆ ನಗು ತಡೆಯಲಾಗಲಿಲ್ಲ. ಅವಳು ನನ್ನ ತಲೆಗೆ ಮೊಟಕಿದಳು.

ಓದಿ ಹೇಳುವಾಗ ಅವಳಿಗೆ ಸ, ಶ, ಷ ಮೂರೂ ನೆಟ್ಟಗೆ ಬರುತ್ತಿದ್ದವು. ಬೌಂಡರಿ ಪಕ್ಕ ನಿಂತು ಎಷ್ಟೋ ಸಲ ಅದೇ ಕಂಪನಿಯ ಸಾಲುಗಳನ್ನು ಓದಿದ್ದಳು. ತೊಂದರೆ ಇದ್ದದ್ದು ಚೆಂಡು ಮೇಲೆ ಹೋದಾಗ ಮಾತ್ರ. ಹಾಗಾಗಿ ಚೆಂಡು ಮೇಲೆ ಹೋಗಲೇಬೇಕಿತ್ತು. ನಾನು ಆಗ ಪಿಯುಸಿ, ಓದುವುದೊಂದನ್ನು ಬಿಟ್ಟು ಯಾವ ಕೆಲಸಕ್ಕೂ ಸಿದ್ಧ. ಇಬ್ಬರೂ ತಾರಸಿಗೆ ಹೋದೆವು. ಅಲ್ಲಿಂದ ಅಪ್ಪನ ಮಂಚಕ್ಕೆ ಏನೂ ಕೇಳಿಸುತ್ತಿರಲಿಲ್ಲ. ನಾನು ಟೆನಿಸ್ ಬಾಲನ್ನು ಬಲವಿದ್ದಷ್ಟು ಮೇಲಕ್ಕೆ ಎಸೆಯುವುದು, ಅದು ಕೆಳಗೆ ಬರುವುದರೊಳಗೆ ಅವಳು ಆ ನಾಲ್ಕು ಮಾತು ಹೇಳುವುದು. ಎಸೆದೆ.

"ಆರು!"

"ಅಕ್ಕಾ, ಸ್ಟೀಲು!"

"ಗೊತ್ತು ಕಣೋ. ಎಸಿ ಇನ್ನೊಂದ್ಸಲ."

ಎಸೆದೆ. ಅವಳ ಬಾಯಿ 'ಸೂ' ಆಕಾರಕ್ಕೆ ಬಂತು, ಕಣ್ಣು ಚೆಂಡಿನ ಹಿಂದೆ ಹೋಯಿತು, ಹೊರಬಿದ್ದದ್ದು 'ಆರು'. ಅದೂ ಪಿಸುದನಿಯಲ್ಲಿ. ಚೆಂಡು ನೋಡದೆ ಹೇಳಿದರೆ ಸ್ಟೀಲು ಬರುತ್ತಿತ್ತು, ಚೆಂಡು ನೋಡಿದರೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಕಾಮೆಂಟರಿ ಹೇಳು ಎಂದು ಸಲಹೆ ಕೊಟ್ಟು ಇನ್ನೊಂದು ಮೊಟಕು ತಿಂದೆ. ಕೊನೆಗೆ ಚೆಂಡು ನೀರಿನ ಟ್ಯಾಂಕಿಗೆ ಬಿತ್ತು. ಸದ್ದು ಕೇಳಿ ಜಯಮ್ಮ ಆಂಟಿ ಒದ್ದೆ ಕೈಯಲ್ಲೇ ಮೇಲೆ ಬಂದರು. ಈ ಬೀದಿ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇದ್ದವರು ಅವರು, ಯಾರಿಗೂ ಹೆದರುವವರಲ್ಲ.

"ಏನ್ ಗಿರಿಜಮ್ಮಾ, ಬೆಳಗಿಂದ ಇಂಗೆ ಸ್ಟೀಲು ಸ್ಟೀಲು ಅಂತ ಬಡ್ಕೊತಾ ಇದ್ದೀಯ? ಟಿವಿ ಬುಟ್ಟು ಪಾತ್ರೆ ಯಾಪಾರಕ್ಕೆ ಇಳದ್ಬುಟ್ಟಾ?"

"ಇಲ್ಲಾ ಆಂಟಿ, ಪ್ರಾಕ್ಟೀಸು."

"ಮಾಡವ್ವ, ಮಾಡು. ಎಲ್ಡು ಬೋಗುಣಿ ನಂಗೂ ಎತ್ತಿಡು."

ಗುರುವಾರದ ತನಕ ಪ್ರಾಕ್ಟೀಸ್ ನಡೆಯಿತು. ಒಮ್ಮೊಮ್ಮೆ ಬಂತು, ಹೆಚ್ಚಿನಂಶ ಬರಲಿಲ್ಲ. ಹೊರಡುವ ದಿನ ಅಕ್ಕ ಎಂದೂ ಇಲ್ಲದ ಹಾಗೆ ಅರ್ಧ ರೊಟ್ಟಿಗೇ ಕೈ ತೊಳೆದಳು. ಅಪ್ಪ ಆಗಷ್ಟೇ ಮಲಗಿದ್ದ. ನನ್ನನ್ನು ಗೇಟಿನ ಆಚೆ ಕರೆದು ಹೇಳಿದಳು.

"ಟಿವಿಗೆ ಸೌಂಡ್ ಕೊಡ್ಬೇಡ. ಅಪ್ಪಂಗೆ ಇವತ್ತಿನ ವಿಷ್ಯ ಹೇಳಿಲ್ಲ, ಹೇಳೋದೂ ಬೇಡ. ಬಿದ್ರೆ ನಾನೊಬ್ಳೇ ಬೀಳ್ತೀನಿ, ಮನೆಯವ್ರೆಲ್ಲ ಕೂತ್ಕೊಂಡು ಕೇಳೋದ್ ಬೇಡ."

"ಹಂಗಾದ್ರೆ ನೀನು ಹೇಳಿದ್ಯೋ ಇಲ್ವೋ ನಮಗೆ ಹೆಂಗ್ ಗೊತ್ತಾಗುತ್ತೆ?"

"ಸಂಜೆ ಬಂದು ಹೇಳ್ತೀನಲ್ಲ."

ಜಯಮ್ಮ ಆಂಟಿಯ ಟಿವಿಯಲ್ಲಿ ಕದ್ದು ಕೇಳೋಣವೆಂದರೆ ಅವರು ಅವತ್ತೇ ಬೀಗ ಹಾಕಿಕೊಂಡು ರಾಜಾನುಕುಂಟೆಯ ಮಗಳ ಮನೆಗೆ ಹೋಗಿದ್ದರು. ನನ್ನ ಫೋನಿನಲ್ಲಿ ಹಾವಿನ ಆಟ ಬಿಟ್ಟರೆ ಬೇರೆ ಆಟ ಬರುತ್ತಿರಲಿಲ್ಲ. ಹಾಗಾಗಿ ಅಕ್ಕ ಮೊದಲ ಬಾರಿ ಮೇಲೆ ಕೂತು ಆಟ ಹೇಳಿದ ಮಧ್ಯಾಹ್ನ ನಾನೂ ಅವ್ವನೂ ಮೂಕ ಟಿವಿಯ ಮುಂದೆ ಕೂತೆವು. ಹಿಂದೆ ಮಂಚದ ಮೇಲೆ ಅಪ್ಪನ ಗೊರಕೆ. ಕೆಳಗೆ ನಿಲ್ಲುವವಳಾಗಿದ್ದರೆ ಮುಖವಾದರೂ ಕಾಣುತ್ತಿತ್ತು. ಮೇಲೆ ಕೂತವಳು ಕಾಣುವುದೇ ಇಲ್ಲ. ಬರೀ ಹಸಿರು ಮೈದಾನ, ಓಡುವ ಹುಡುಗರು. ಅವ್ವ ನನ್ನ ತೋಳು ಚಿವುಟಿದಳು.

"ಏನಂತಾಳ? ಹೇಳೋ."

ನನಗೇನು ಗೊತ್ತು? ಆದರೂ ಅವ್ವನ ಕಿವಿಯ ಹತ್ತಿರ ಹೋಗಿ ಅಕ್ಕನ ಹಾಗೆ ಹೇಳತೊಡಗಿದೆ. ಪಿಸುದನಿಯಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಅಕ್ಕ ಎಲ್ಲಿ ಉಸಿರು ಎಳೆಯುತ್ತಾಳೆ, ಎಲ್ಲಿ ಒಂದು ಮಾತನ್ನು ಎರಡು ಸಲ ಹೇಳುತ್ತಾಳೆ ಎಲ್ಲ ನನಗೆ ಬಾಯಿಪಾಠ. ಅವ್ವ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತ ಕೇಳಿದಳು. ಅಷ್ಟರಲ್ಲಿ ಒಬ್ಬ ಹುಡುಗ ಚೆಂಡನ್ನು ನೇರ ಬೌಲರನ ತಲೆಯ ಮೇಲೆ ಎತ್ತಿದ. ಗ್ಯಾಲರಿಯಲ್ಲಿ ಜನ ಎದ್ದು ಕುಣಿದರು.

"ಪಾತ್ರಿ ಮಾತು ಅಂದಳೇನು?" ಅವ್ವ ಉಗುರಿನಿಂದ ನನ್ನ ತೋಳು ಒತ್ತಿ ಹಿಡಿದಿದ್ದಳು. ಜಯಮ್ಮ ಆಂಟಿಯ ತಮಾಷೆಯ ನಂತರ ಆ ಸಾಲಿಗೆ ಮನೆಯಲ್ಲಿ ಅದೇ ಹೆಸರು.

"ಅಂದಳು."

"ಖರೇನ?"

"ಖರೇ, ನಮ್ಮವ್ವನಾಣೆ."

"ನಿಮ್ಮವ್ವ ನಾನಲ್ಲೇನೋ ಮಂಗ್ಯಾ!"

ಇನ್ನೂ ಎರಡು ಸಲ ಚೆಂಡು ಗೆರೆ ದಾಟಿತು. ಎರಡು ಸಲವೂ ಅವ್ವ ಕೇಳಿದಳು, ನಾನು ಅಂದಳು ಅಂದೆ. ಕೊನೆಯದು ಆಟದ ಕೊನೆಯ ಓವರಿನಲ್ಲಿ. ಆಮೇಲೆ ಪಂದ್ಯ ಮುಗಿದು, ಕೆಳಗೆ ಬೇರೊಬ್ಬ ಹುಡುಗಿ ಮೈಕ್ ಹಿಡಿದು ನಗುತ್ತ ಬಂದಳು. ಅವ್ವ ಆ ಹುಡುಗಿಯನ್ನು ಬಹಳ ಹೊತ್ತು ನೋಡಿದಳು. 'ಇಕಿನೂ ನಗತಾಳ' ಎಂದಷ್ಟೇ ಹೇಳಿ, ಹಿಟ್ಟು ಕಲೆಸಲು ಎದ್ದಳು.

ಅಕ್ಕ ಬಂದಾಗ ಅಪ್ಪ ಎದ್ದು, ಸ್ನಾನ ಮಾಡಿ, ಶಿಫ್ಟಿಗೆ ಹೊರಡುವ ಮೊದಲಿನ ಊಟಕ್ಕೆ ಕೂತಿದ್ದ. ಅವಳು ಚಪ್ಪಲಿ ಬಿಟ್ಟವಳೇ ಕೈ ತೊಳೆದು ಅಪ್ಪನ ಎದುರು ಕೂತು, ತಟ್ಟೆ ಎಳೆದುಕೊಂಡು, ಬಿಸಿ ರೊಟ್ಟಿಯ ದೊಡ್ಡ ತುಂಡನ್ನು ಎಣ್ಣೆಗಾಯಿಯ ಸಮೇತ ಬಾಯಿಗೆ ತುಂಬಿಕೊಂಡಳು. ಬೆಳಗಿನ ಅರ್ಧ ರೊಟ್ಟಿಯ ಮೇಲೆ ಏನೂ ತಿಂದಿರಲಿಲ್ಲವೆಂದು ಕಾಣುತ್ತದೆ. ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಕೇಳಲು ಧೈರ್ಯವಿರಲಿಲ್ಲ. ಅಪ್ಪ ಒಮ್ಮೆ ನನ್ನ ಮುಖ, ಒಮ್ಮೆ ಅವ್ವನ ಮುಖ ನೋಡಿದ.

"ಏನ್ ನಡದೈತಿ?"

ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವುವುದನ್ನು ಬಿಟ್ಟು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳಿಗೆ ತಡೆಯಲಾಗಲಿಲ್ಲ.

"ಗಿರಿಜಾ, ಏನಂದ್ರ? ನಾಳಿ ಹೆಂಗ?"

ಅಕ್ಕನ ಬಾಯಿ ತುಂಬ ರೊಟ್ಟಿ. ಅಗಿಯುತ್ತಲೇ ಎಡಗೈ ಎತ್ತಿ, ತೋರುಬೆರಳು ಒಂದನ್ನೇ ನೆಟ್ಟಗೆ ಮೇಲೆ ಮಾಡಿದಳು.

ನಾನು ಹುಟ್ಟಿದಾಗಿನಿಂದ ಕ್ರಿಕೆಟ್ ನೋಡಿದವನು. ಒಂದು ಬೆರಳು ಹಾಗೆ ಮೇಲೆ ಹೋದರೆ ಏನರ್ಥವೆಂದು ನನಗೆ ಹೇಳಿಕೊಡಬೇಕಿಲ್ಲ. ಔಟ್. ಮುಗಿಯಿತು. ಅವಳಿಗೆ ಸಮಾಧಾನ ಹೇಳಬೇಕು ಎನ್ನಿಸಿತು, ನನ್ನ ಬಾಯಲ್ಲಿ ಸಮಾಧಾನದ ಮಾತು ಯಾವತ್ತೂ ನೆಟ್ಟಗೆ ಬರುವುದಿಲ್ಲ.

"ಹೋಗ್ಲಿ ಬಿಡಕ್ಕಾ. ಆ ಪ್ರೊಡ್ಯೂಸರ್‌ಗೆ ತಲೆ ಇಲ್ಲ. ಸ್ಟೀಲ್ ಕಂಪನಿ ಮುಳುಗೋಗ್ಲಿ," ಎಂದು ಕಣ್ಣು ಒರೆಸಿಕೊಂಡೆ. ನಿಜಕ್ಕೂ ನೀರು ಬಂದಿತ್ತು.

ಅಕ್ಕ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವ್ವ ಬಾಗಿಲಲ್ಲೇ ಹಣೆ ಹಣೆ ಬಡಿದುಕೊಂಡಳು. ಆಟದ ಸನ್ನೆಗಳು ಆಕೆಗೆ ಗೊತ್ತಿಲ್ಲ, ಅಂಪೈರ್ ಎಂದರೆ ಬಿಳಿ ಕೋಟಿನ ಡಾಕ್ಟರು.

"ಏ ಮೂಳಾ, ಮ್ಯಾಲ ಅಂತಾಳೋ! ಮ್ಯಾಲ! ನಾಳಿನೂ ಮ್ಯಾಲ ಕುಂಡ್ರಸ್ತಾರಂತ!"

ಅಕ್ಕ ತುತ್ತು ನುಂಗಿ, ನೀರು ಕುಡಿದು, ಹೌದೆಂದು ತಲೆಯಾಡಿಸಿದಳು. ಒಳಗೆ ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಯಾರೂ ಅತ್ತ ಹೋಗಲಿಲ್ಲ. ಮೊದಲನೇ ಸಿಕ್ಸರಿಗೆ 'ಆರು' ಎಂದಳಂತೆ. ಕಿವಿಗೆ ಹಾಕಿದ ಇಯರ್‌ಫೋನಿನಲ್ಲಿ ಪ್ರೊಡ್ಯೂಸರ್ 'ಟ್ಯಾಗ್, ಟ್ಯಾಗ್' ಎಂದು ಕಿರುಚಿದರಂತೆ. ಎರಡನೆಯದಕ್ಕೂ 'ಆರು'. ಆಗ ಅವರು ಕಿರುಚಲಿಲ್ಲ, 'ನಾಳೆ ಕೆಳಗೆ ಹೋಗಿ' ಎಂದು ಮೆತ್ತಗೆ ಹೇಳಿದರಂತೆ.

"ಇನ್ನೇನು ಹೋಗೇ ಹೋತು ಅಂತ ಗೊತ್ತಾತಲ್ಲವ್ವಾ, ಆವಾಗ ಹೆದರಿಕಿನೂ ಹೋತು. ಕಡೀ ಓವರ್‌ನ್ಯಾಗ ಅಂವ ಎತ್ತಿದ. ನಾ ಆರು ಅಂದೆ. ಅಂದು ಸುಮ್ಮನಾದೆ. ಜನ ಒದರೂದು ನಿಲ್ಲೂ ತನಕ ಏನೂ ಅನ್ಲಿಲ್ಲ. ಚೆಂಡು ವಾಪಸ್ ಬೌಲರ್ ಕೈಗೆ ಬಂತು. ಆಮ್ಯಾಲ ಆರಾಮ ಹೇಳಿದೆ, ಇದು ಸೂಪರ್ ಸ್ಟ್ರಾಂಗ್ ಸ್ಟೀಲ್ ಸಿಕ್ಸರ್ ಅಂತ. ಮನಿಗೆ ಬಂದೋರಿಗೆ ಮಗನ ಹೆಸರು ಹೇಳ್ತಾರಲ್ಲ, ಹಂಗ."

ಬಾಕ್ಸಿನಿಂದ ಹೊರಗೆ ಬಂದಾಗ ಸ್ಪಾನ್ಸರ್ ಕಡೆಯವರೊಬ್ಬರು ಅಲ್ಲೇ ನಿಂತಿದ್ದರಂತೆ. ಇಷ್ಟು ದಿನ ಎಲ್ಲರೂ ಜನರ ಕೂಗಿನ ಮಧ್ಯೆ ಕೂಗಿ ಹೇಳುತ್ತಿದ್ದರು, ನಮ್ಮ ಹೆಸರು ನಮಗೇ ಕೇಳಿಸುತ್ತಿರಲಿಲ್ಲ, ಇವತ್ತು ಕೇಳಿಸಿತು ಎಂದರಂತೆ. ಪ್ರೊಡ್ಯೂಸರ್ ಆ ಮಾತನ್ನು ತಾವೇ ಮೊದಲು ಹೇಳಿದ್ದವರ ಹಾಗೆ ತಲೆಯಾಡಿಸಿ, 'ನಾಳೆನೂ ಮೇಲೇ ಬನ್ನಿ ಗಿರಿಜಾ' ಎಂದರಂತೆ. ಪ್ರೊಡ್ಯೂಸರ್ ಹೇಗೆ ತಲೆಯಾಡಿಸಿರಬಹುದೆಂದು ನಾನು ಮಾಡಿ ತೋರಿಸಿದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಅಪ್ಪ ಇಷ್ಟನ್ನೂ ಕೇಳಿಸಿಕೊಂಡ. ತಟ್ಟೆಯಲ್ಲೇ ಕೈ ತೊಳೆದು, ಶರ್ಟ್ ಹಾಕಿಕೊಂಡು, ಗೂಟದಿಂದ ಚೀಲ ತೆಗೆದುಕೊಂಡ. ಅವ್ವ ದಿನದ ಹಾಗೆ ಡಬ್ಬಿ ತಂದು ಅವನ ಕೈಗಿತ್ತಳು. ನಮ್ಮ ಮನೆಯಲ್ಲಿ ಡಬ್ಬಿ ಇದ್ದದ್ದು ಅವನೊಬ್ಬನಿಗೆ. ಅಕ್ಕ ಟಿವಿಯ ಕೆಲಸಕ್ಕೆ ಯಾವಾಗಲೂ ಬರಿಗೈಯಲ್ಲೇ ಹೋಗುತ್ತಿದ್ದಳು. ಅಪ್ಪ ಡಬ್ಬಿಯನ್ನು ಚೀಲಕ್ಕೆ ಇಳಿಸಿ, ಅವ್ವನಿಗೆ ಹೇಳಿದ.

"ನಾಳಿಂದ ಎರಡು ಕಟ್ಟು."

"ಅಪ್ಪಾ, ಅಲ್ಲಿ ಊಟ ಕೊಡ್ತಾರ," ಎಂದಳು ಅಕ್ಕ.

"ಕೊಡ್ಲಿ," ಎಂದು ಅಪ್ಪ ಚಪ್ಪಲಿ ಮೆಟ್ಟಿದ.